ಅಪ್ಪ ಹೇಳದೆ ಹಾಸನಕ್ಕೆ ಹೋದ ದಿನ

ಚೀನಾ ಗಡಿಯಲ್ಲಿ ಯುದ್ಧ ಶುರುವಾಗಿದೆಯೆಂದು ಮಲ್ಲಿಪಟ್ಟಣದ ಹೋಟೆಲಿನ ರೇಡಿಯೊ ಹೇಳಿದಂದಿನಿಂದ ಅವ್ವ ಸರಿಯಾಗಿ ಊಟ ಮಾಡಲಿಲ್ಲ. ಅಪ್ಪ ಸೈನ್ಯ ಬಿಟ್ಟು ಊರಿಗೆ ಬಂದು ಏಳು ವರ್ಷವಾಗಿತ್ತು. ನನಗೆ ಹದಿಮೂರು. ನನ್ನ ಹಿಂದೆ ಇಬ್ಬರು ತಂಗಿಯರು. ಅವ್ವ ಮತ್ತೆ ಐದು ತಿಂಗಳ ಬಸುರಿ.

ಅಪ್ಪನನ್ನು ಮತ್ತೆ ಸೈನ್ಯಕ್ಕೆ ಕರೆದಾರೆಂಬ ಅವಳ ಭಯಕ್ಕೆ ಕಾರಣವಿತ್ತು. ಮದುವೆಯಾದ ಹೊಸದರಲ್ಲಿ ಅಪ್ಪ ಬರ್ಮಾ ಕಾಡಿನಲ್ಲಿದ್ದಾಗ ಒಂದು ವರ್ಷ ಕಾಗದವೇ ಬಂದಿರಲಿಲ್ಲವಂತೆ. ನೆಂಟರು ಪಡಸಾಲೆಯಲ್ಲಿ ಕೂತು ಬಳೆ ತೆಗೆಸುವ ಮಾತಾಡಿದ್ದರಂತೆ. ಅವಳು ಕೈಗಳನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡು ಅಡುಗೆಮನೆಯಲ್ಲಿ ಕೂತಿದ್ದಳಂತೆ.

ಅಪ್ಪ ಊರಿನ ಬೇರೆ ಗಂಡಸರಂತಿರಲಿಲ್ಲ. ಬೆಳಿಗ್ಗೆ ನಮ್ಮ ಮೂವರಿಗೂ ತಲೆ ಬಾಚಿ ಜಡೆ ಹಾಕುತ್ತಿದ್ದವರು ಅವರೇ. ಎಷ್ಟು ಬಿಗಿ ಎಂದರೆ ಸಂಜೆವರೆಗೂ ಹುಬ್ಬು ಮೇಲಕ್ಕೆ ಎಳೆದಂತಿರುತ್ತಿತ್ತು. ಅವ್ವ ಬಸುರಿಯಾದ ಮೇಲೆ ಬಾವಿಯಿಂದ ನೀರು ಹೊತ್ತು ತರುವುದೂ ಅವರ ಕೆಲಸ. ಬೀದಿಯಲ್ಲಿ ಯಾರಾದರೂ ನಕ್ಕರೆ ತಾವೂ ನಗುತ್ತಿದ್ದರು.

ಒಂದು ಸೋಮವಾರ "ಪೆನ್ಷನ್ ಕೆಲ್ಸ ಐತೆ" ಎಂದು ಮೊದಲ ಬಸ್ಸಿಗೆ ಹಾಸನಕ್ಕೆ ಹೊರಟರು. ಅವರು ಹೋದಮೇಲೆ ಅವ್ವ ಟ್ರಂಕು ತೆರೆದಳು. ಸೈನ್ಯದ ಡಿಸ್ಚಾರ್ಜ್ ಪುಸ್ತಕ ಅಲ್ಲಿರಲಿಲ್ಲ. ಬಟ್ಟೆಗಳ ಕೆಳಗೆ ಒಂದು ಇಂಗ್ಲಿಷ್ ಕಾಗದವಿತ್ತು.

"ಏನ್ ಬರ್ದವ್ರೆ, ಓದಮ್ಮಿ."

ನನ್ನ ಮಿಡ್ಲ್ ಸ್ಕೂಲ್ ಇಂಗ್ಲಿಷಿನಲ್ಲಿ ತಡವರಿಸಿ ಎರಡು ಸಲ ಓದಿದೆ. "ಸೈನ್ಯಕ್ಕೆ ಮತ್ತೆ ಸೇರಾಕೆ ಅಪ್ಪನೇ ಅರ್ಜಿ ಹಾಕವ್ರೆ ಕಣವ್ವ. ಇವತ್ತು ಹಾಸ್ನದಲ್ಲಿ ಮೈ ಪರೀಕ್ಷೆ ಮಾಡ್ತಾರಂತೆ."

ಅವ್ವ ಅಳಲಿಲ್ಲ. ತಂಗಿಯರನ್ನು ಪಕ್ಕದ ಮನೆಯಲ್ಲಿ ಬಿಟ್ಟು ಬಂದು "ನಡಿ" ಎಂದಳು.

ಅರಕಲಗೂಡಿನಲ್ಲಿ ಬಸ್ಸು ಬದಲಾಯಿಸಬೇಕಿತ್ತು. ಕಾಫಿಗೆ ಹೋದ ಡ್ರೈವರ್ ಎಷ್ಟು ಹೊತ್ತಾದರೂ ಬರಲಿಲ್ಲ. "ಅಲ್ಲಿಂದ್ಲೇ ಕರ್ಕಂಡ್ ಓಗ್ಬುಟ್ರೆ ಏನ್ಮಾಡಾನಮ್ಮಿ?" ಎಂದು ಅವ್ವ ಮತ್ತೆ ಮತ್ತೆ ಕೇಳಿದಳು. ನನಗೂ ಅದೇ ಭಯ. ಎದುರಿನಿಂದ ಬಂದ ಒಂದೊಂದು ಲಾರಿಯೊಳಗೂ ಅಪ್ಪನನ್ನು ಹುಡುಕಿದೆ. ಹಾಸನ ಮುಟ್ಟುವವರೆಗೆ ಅವ್ವ ನನ್ನ ಮಣಿಕಟ್ಟು ಬಿಡಲಿಲ್ಲ.

ಕಾಗದದಲ್ಲಿದ್ದ ಸೈನ್ಯದ ಆಫೀಸಿನ ಮುಂದೆ ನರೆತ ತಲೆಗಳ ಉದ್ದದ ಸಾಲಿತ್ತು. ಅದರಲ್ಲಿ ಅಪ್ಪ ಇರಲಿಲ್ಲ. "ಎಂಗಸ್ರು ಒಳಿಕ್ಕೆ ಓಗಂಗಿಲ್ಲ ಕಣಮ್ಮ" ಎಂದ ಕಾವಲಿನವನು. ಕಾಂಪೌಂಡ್ ಗೋಡೆಗೆ ಒರಗಿ ಕೂತೆವು. ಬಿಸಿಲು ಏರಿ ಇಳಿಯತೊಡಗಿದಾಗ ಅಪ್ಪ ಹೊರಬಂದರು. ನಮ್ಮನ್ನು ಕಂಡು ನಿಂತುಬಿಟ್ಟರು.

"ತಗಂಡ್ರಾ?" ಅವ್ವ ಕೇಳಿದಳು. ಅಪ್ಪ ಬಲಗಿವಿಯನ್ನು ಅವಳ ಕಡೆ ತಿರುಗಿಸಿದರು. ಅವಳು ಕೂಗಿ ಕೇಳಿದಳು.

"ಇಲ್ಲ. ಎಡಗಿವಿ ಪೂರ್ತಿ ಓಗೈತಂತೆ. ಬಲಗಿವಿ ಅರ್ಧ. ಬರ್ಮಾದಲ್ಲಿ ಪಕ್ಕದಲ್ಲೇ ಬಾಂಬ್ ಬಿತ್ತಲ್ಲ, ಅವತ್ತಿಂದ ಶುರುವಾದದ್ದು."

"ನಂಗ್ಯಾಕೆ ಯೋಳ್ಲಿಲ್ಲ?"

"ಯೋಳಿದ್ರೆ ನೀನು ನಿದ್ದೆ ಮಾಡ್ತಿದ್ಯಾ?" ಅಪ್ಪ ತಲೆ ತಗ್ಗಿಸಿದರು. "ಸೈನ್ಯದಲ್ಲಿ ನಾನು ತಯಾರ್ ಮಾಡ್ದ ಉಡುಗ್ರು ಗಡೀಲವ್ರೆ ಕಣೆ. ಇಲ್ಲಿ ಕೂತ್ಕಂಡು ಉಣ್ಣಾಕೆ ಆಯ್ತಿರ್ಲಿಲ್ಲ."

ಜಡೆ ಹಾಕಿಸಿಕೊಳ್ಳುತ್ತ ನಾನು ಹೇಳಿದ ಶಾಲೆಯ ಕಥೆಗಳಿಗೆಲ್ಲ ಅಪ್ಪ "ಊಂ" ಅನ್ನುತ್ತಿದ್ದರು. ಅವುಗಳಲ್ಲಿ ಎಷ್ಟು ಕೇಳಿಸಿತ್ತೋ! ಆಗ ನನಗೆ ಬಂದದ್ದು ಮರುಕವಲ್ಲ, ಸಿಟ್ಟು. ಅವ್ವನ ಮುಖ ಸಡಿಲವಾಗಿತ್ತು. ಆದರೆ ಅಪ್ಪನೆದುರು ಆ ಸಮಾಧಾನವನ್ನು ತೋರಗೊಡಲಿಲ್ಲ. ಬಸ್ಸಿನಲ್ಲಿ ಕಿಟಕಿಯ ಕಡೆ ತಿರುಗಿ ಅತ್ತಳು.

ಬೇಸಿಗೆಯ ಶುರುವಿನಲ್ಲಿ ಅವ್ವನಿಗೆ ನೋವು ಬಂತು. ಮಗು ಅಡ್ಡ ಮಲಗಿದೆ ಎಂದು ಸೂಲಗಿತ್ತಿ ಕೈಚೆಲ್ಲಿದಾಗ ಗಾಡಿ ಕಟ್ಟಿ ಅರಕಲಗೂಡಿನ ಆಸ್ಪತ್ರೆಗೆ ಕರೆದೊಯ್ದೆವು. ಅಪ್ಪ ಮುಚ್ಚಿದ ಬಾಗಿಲಿಗೆ ಬಲಗಿವಿ ಒತ್ತಿ ನಿಂತರು. ಸ್ವಲ್ಪ ಹೊತ್ತಿಗೊಮ್ಮೆ ನನ್ನ ಕಡೆ ತಿರುಗಿ "ಅತ್ತಿತಾ?" ಎನ್ನುವರು. ನಾನು ಇಲ್ಲವೆಂದು ತಲೆಯಾಡಿಸುವೆ. ಅವರ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು.

ಮಧ್ಯಾಹ್ನ ದಾಟಿದ ಮೇಲೆ ಒಳಗಿನಿಂದ ಸಣ್ಣ ದನಿ ಬಂತು.

"ಅಪ್ಪ, ಅಳ್ತಾ ಐತೆ!"

ಅಪ್ಪ ನನ್ನ ತುಟಿಗಳನ್ನೇ ನೋಡಿದರು. "ನಿಜ್ವಾಗ್ಲೂ? ನಿಮ್ಮವ್ವ?"

ಬಾಗಿಲು ತೆರೆದ ನರ್ಸು ಮೆಲುದನಿಯಲ್ಲಿ ಸುದ್ದಿ ಹೇಳಿ ಮತ್ತೆ ಒಳಗೆ ಹೋದಳು. ಅಪ್ಪ ಗಾಬರಿಯಿಂದ ನನ್ನ ಭುಜ ಹಿಡಿದರು. ಅವರ ಬಲಗಿವಿಯ ಹತ್ತಿರ ಬಾಯಿಟ್ಟು, ಇಡೀ ಆಸ್ಪತ್ರೆಗೆ ಕೇಳುವಂತೆ ಕೂಗಿದೆ: "ಇಬ್ರೂ ಚೆನ್ನಾಗವ್ರೆ!"