ಬಾನೆಟ್ ತಣ್ಣಗಾಗುವವರೆಗೆ

ಬೆಳಗಿನ ಆರು ಗಂಟೆ. ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ನಿಂತ ಬೂದು ಬಣ್ಣದ ಪೆಟ್ರೋಲ್ ಕಾರಿನ ಬಾನೆಟ್ ಮೇಲೆ ಮೆಕ್ಯಾನಿಕ್ ಒಬ್ಬರು ಅಂಗೈ ಇಡುತ್ತಾರೆ, ಮಗುವಿಗೆ ಜ್ವರ ಇದೆಯೇ ಎಂದು ನೋಡುವ ಹಾಗೆ. ಮುಖ ಗಂಟಾಗುತ್ತದೆ.

"ಬಿಸಿ ಇದೆಯಲ್ಲ ಸಾರ್?"

"ಈಗಷ್ಟೇ ತೊಳೆಸ್ಕೊಂಡು ಬಂದೆ," ಎನ್ನುತ್ತಾರೆ ಮಾರುವವರು.

"ಹಾಗಾದ್ರೆ ಆರ್ಲಿ. ಕಾಯ್ತೀನಿ."

ಕೊಳ್ಳಲು ಬಂದ ಟೀಚರಮ್ಮನ ಜೀವ ಬಾಯಿಗೆ ಬರುತ್ತದೆ. ಎಡ ಮಂಡಿ ಕೈಕೊಟ್ಟಿದೆ, ಕ್ಲಚ್ ತುಳಿಯಲಾರರು. ಗಂಡನನ್ನು ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆ ಕರೆದೊಯ್ಯಬೇಕು, ಇಂಥ ಆಟೊಮ್ಯಾಟಿಕ್ ಕಾರಲ್ಲದೆ ಗತಿಯಿಲ್ಲ. ಹತ್ತು ಗಂಟೆಗೆ ಇನ್ಯಾರೋ ಇದೇ ಕಾರನ್ನು ನೋಡಲು ಬರುತ್ತಾರಂತೆ.

ಹಳೆ ಕಾರು ಕೊಳ್ಳುವವರ ಪರವಾಗಿ ತಪಾಸಣೆ ಮಾಡುವುದೇ ಈ ಮನುಷ್ಯನ ಕಸುಬು. ಎಲ್ಲರ ಬಾಯಲ್ಲೂ ಅವರು 'ಅನುಮಾನದಣ್ಣ'. "ನನ್ನನ್ನ ನೋಡೋಕೆ ಬಂದಾಗ ಮಾತ್ರ ಏನೂ ಪರೀಕ್ಷೆ ಮಾಡ್ಲಿಲ್ಲ ಪುಣ್ಯಾತ್ಮ," ಎಂದು ಅವರ ಹೆಂಡತಿ ನಗುತ್ತಾರೆ.

ಅನುಮಾನ ಸುಮ್ಮನೆ ಅಂಟಿದ್ದಲ್ಲ. ಆರು ವರ್ಷದ ಹಿಂದೆ ಇಂಥದೇ ಬಿಸಿ ಬಾನೆಟ್ ಮುಟ್ಟಿಯೂ, ಅವಸರದಲ್ಲಿ, "ತಗೊಳ್ಳಿ" ಅಂದುಬಿಟ್ಟಿದ್ದರು. ಇಪ್ಪತ್ತನೇ ದಿನ ಆ ಕಾರು ಗೇರ್ ಹಿಡಿಯದೆ ಮೇಲ್ಸೇತುವೆಯ ನಡುವೆ ನಿಂತಿತು. ಹಿಂದೆ ಲಾರಿ. ಒಳಗಿದ್ದ ತಾಯಿ, ಮಗಳು ಕೂದಲೆಳೆಯಲ್ಲಿ ಪಾರಾದರು. "ಅವರು ಒಂದು ಮಾತೂ ಬೈಲಿಲ್ಲ. ಬೈದಿದ್ರೆ ನಿದ್ದೆ ಬರ್ತಿತ್ತೇನೋ," ಎನ್ನುತ್ತಾರೆ ಅನುಮಾನದಣ್ಣ.

ಅಂದಿನಿಂದ ದಿನಕ್ಕೆ ಎರಡೇ ಕಾರು. ಎಂಜಿನ್ ತಣ್ಣಗಿರಲೇಬೇಕು. ಬ್ರೇಕ್ ತುಳಿದು ಗೇರ್ ಲಿವರನ್ನು ಪಾರ್ಕ್‌ನಿಂದ ಡ್ರೈವ್‌ಗೆ ಎಳೆಯುತ್ತಾರೆ. ಎರಡು ಎಣಿಸುವುದರೊಳಗೆ ಕಾರು ಮೆಲ್ಲಗೆ ಮುಂದಕ್ಕೆ ತುಡಿಯಬೇಕು. ತಡವಾದರೆ ಗೇರ್‌ಬಾಕ್ಸ್ ಸವೆದಿದೆ ಎಂದರ್ಥ. ಎಷ್ಟೋ ಕಾರುಗಳಲ್ಲಿ ಎಂಜಿನ್ ಬಿಸಿಯಾದರೆ ಈ ರೋಗ ಕಾಣುವುದೇ ಇಲ್ಲ. ಇದರಲ್ಲಿ ಪಾಸಾದರೂ ನಲವತ್ತು ನಿಮಿಷ ಟ್ರಾಫಿಕ್ಕಿನಲ್ಲಿ ಓಡಿಸಿ ನೋಡುತ್ತಾರೆ. ಹತ್ತರಲ್ಲಿ ಆರು ಕಾರಿಗೆ ಅವರ ಉತ್ತರ "ಬೇಡ". ಒಪ್ಪಿದ್ದಕ್ಕೂ ಸಮಾಧಾನವಿಲ್ಲ. ಇಪ್ಪತ್ತನೇ ದಿನ ಕೊಂಡವರಿಗೆ ಫೋನ್ ಮಾಡುತ್ತಾರೆ, ಆ ಕಡೆಯವರು ಎತ್ತುವವರೆಗೆ ಊಟಕ್ಕೆ ಕೂರುವುದಿಲ್ಲ.

ಎಂಟೂವರೆ. ಬಾನೆಟ್ ಇನ್ನೂ ಬೆಚ್ಚಗಿದೆ. ಟೀಚರಮ್ಮ ಮೆಟ್ಟಿಲ ಮೇಲೆ ಕೂತು ಮಂಡಿ ನೀವಿಕೊಳ್ಳುತ್ತಾರೆ. "ಅಣ್ಣಾ, ಎರಡು ತಿಂಗಳಿಂದ ಹುಡುಕಿ ಸಿಕ್ಕಿದ್ದು ಇದೊಂದೇ. ಕೈತಪ್ಪಿ ಹೋದ್ರೆ?"

"ನನಗೂ ಅದೇ ಭಯ ಕಣಮ್ಮ. ಒಳ್ಳೇ ಗಾಡಿನ ನಾನೇ ತಪ್ಪಿಸಿಬಿಟ್ರೆ?"

ಒಂಬತ್ತೂ ಮುಕ್ಕಾಲು. ಅಂಗೈಗೆ ತಣ್ಣಗೆ ತಾಗುತ್ತದೆ. ಟೀಚರಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಲಿವರ್ ಎಳೆಯುತ್ತಾರೆ. ಅನುಮಾನದಣ್ಣನ ತುಟಿಯಷ್ಟೇ ಅಲ್ಲಾಡುತ್ತದೆ. ಒಂದು. ಎರಡು. ಮೂರು. ನಾಲ್ಕು. ಕಾರು ಧಡ್ ಎಂದು ಜಗ್ಗುತ್ತದೆ, ಟೀಚರಮ್ಮನ ಕೈ ಡ್ಯಾಶ್‌ಬೋರ್ಡ್ ಹಿಡಿಯುತ್ತದೆ.

"ಬೇಡಮ್ಮ."

ಟೀಚರಮ್ಮ ಕುಂಟುತ್ತಾ ಹೊರಬಂದು, ಹಿಂತಿರುಗಿ ನೋಡದೆ ಆಟೊ ಹತ್ತುತ್ತಾರೆ.

ಆಟೊ ಮರೆಯಾಗುವವರೆಗೂ ಅನುಮಾನದಣ್ಣ ನೋಡುತ್ತಲೇ ನಿಲ್ಲುತ್ತಾರೆ. ಕೈಯಲ್ಲಿದ್ದ ಒರೆಸುವ ಬಟ್ಟೆಯನ್ನು ಹಿಂಡುತ್ತಾರೆ.

"ನನ್ನ ಮೇಲೆ ಸಿಟ್ಟಾಗಿರ್ತಾರೆ. ಆಗ್ಲಿ ಬಿಡಿ," ಎನ್ನುತ್ತಾರೆ. "ಸಿಟ್ಟು ಮಾಡ್ಕೊಳ್ಳೋಕೆ ಮನೇಲಿ ಕ್ಷೇಮವಾಗಿ ಇರ್ತಾರಲ್ಲ, ನನಗೆ ಅಷ್ಟು ಸಾಕು."