ನಾನು ಟೈಪ್ ಮಾಡದೆ ಬಿಟ್ಟ ಮೂರು ಸಾಲು

ಪ್ರಭಾವತಕ್ಕ, ಆ ಮೂರು ಸಾಲುಗಳನ್ನು ತೆಗೆದವನು ನಾನು. ಮರೆತದ್ದಲ್ಲ, ಕಣ್ತಪ್ಪಿದ್ದಲ್ಲ — ಓದಿ, ಅರ್ಥ ಮಾಡಿಕೊಂಡು, ಬೇಕೆಂದೇ ಬಿಟ್ಟೆ. ನೀವು ಕೈಯಲ್ಲಿ ಬರೆದುಕೊಟ್ಟ ಹಾಳೆಯನ್ನು ಹರಿದು ಹಾಕಿದವನೂ ನಾನೇ. ಇಷ್ಟನ್ನು ಹೇಳಲು ಇಪ್ಪತ್ತಕ್ಕೂ ಹೆಚ್ಚು ವರ್ಷ ಬೇಕಾಯಿತು.

ತೊಂಬತ್ತರ ದಶಕದ ಕೊನೆ. ಬ್ಯಾಂಕಿನವರು ಅಪ್ಪನನ್ನು ದಾವಣಗೆರೆಯಿಂದ ವಿಶಾಖಪಟ್ಟಣಕ್ಕೆ ವರ್ಗ ಮಾಡಿದ್ದರು. ಅಲ್ಲಿ ದ್ವಾರಕಾ ನಗರದಲ್ಲಿ ನಾನು ಕೆಲಸಕ್ಕೆ ಸೇರಿದ ಆ ಸಣ್ಣ ಸಾಫ್ಟ್‌ವೇರ್ ಆಫೀಸಿನಲ್ಲಿ ಕನ್ನಡ ಬಲ್ಲವರು ನೀವೊಬ್ಬರೇ. ವಿಜಯವಾಡದ ಮನೆಯ, ತೆಲುಗು ಬೆರೆತ ಕನ್ನಡ. ನನಗೆ ಕೆಲಸ ಕಲಿಸಿದವರೂ ನೀವೇ. ಆಟೋನಗರದ ದೊಡ್ಡ ವ್ಯಾಪಾರಿಯೊಬ್ಬರಿಗಾಗಿ ಲಾರಿ ಬಿಡಿಭಾಗಗಳ ಸಚಿತ್ರ ಪಟ್ಟಿ ತೋರಿಸುವ ಪ್ರೋಗ್ರಾಂ ಬರೆಯುತ್ತಿದ್ದೆವು. ಅವರ ಅಂಗಡಿಯ ಕಂಪ್ಯೂಟರಿನಲ್ಲಿ ವಿಂಡೋಸ್, ಗೋದಾಮಿನದರಲ್ಲಿ ಯುನಿಕ್ಸ್ ಎಂಬ ಬೇರೆ ವ್ಯವಸ್ಥೆ. ಎರಡರಲ್ಲೂ ಒಂದೇ ಪ್ರೋಗ್ರಾಂ ನಡೆಯಬೇಕಾದರೆ, ಪರದೆಯ ಬಟನ್‌ಗಳನ್ನು, ಮೆನುಗಳನ್ನು ಎರಡು ಕಡೆಗೂ ಹೊಂದುವಂತೆ ಕೊಡುವ ಟೂಲ್‌ಕಿಟ್ ಬೇಕಿತ್ತು.

ಒಂದನ್ನು ನಾನೇ ಮೆಚ್ಚಿ, ಯಾರೂ ಹೇಳುವ ಮೊದಲೇ ಎರಡು ತಿಂಗಳು ಅದರಲ್ಲಿ ಪರದೆಗಳನ್ನು ಕಟ್ಟಿದ್ದೆ. ನೀವು ಅದರ ಲೈಸೆನ್ಸನ್ನು ಕೊನೆಯ ಅಕ್ಷರದವರೆಗೂ ಓದಿ ನಮ್ಮ ಆಫೀಸಿನ ಮಾಲೀಕರಿಗೆ ಟಿಪ್ಪಣಿ ಬರೆದು, ಟೈಪ್ ಮಾಡಲು ನನಗೆ ಕೊಟ್ಟಿರಿ. ಟೂಲ್‌ಕಿಟ್ ಚೆನ್ನಾಗಿದೆ, ಉಚಿತವಾಗಿ ಸಿಗುತ್ತದೆ. ಆದರೆ ಉಚಿತವಾಗಿ ಬಳಸಿದರೆ ಗಿರಾಕಿಗೆ ನಮ್ಮ ಮೂಲ ಕೋಡನ್ನೂ ಕೊಡಬೇಕು. ಕೊಡುವುದಿಲ್ಲವೆಂದರೆ ದುಡ್ಡು ಕೊಟ್ಟು ಬೇರೆ ಲೈಸೆನ್ಸ್ ಕೊಳ್ಳಬೇಕು. ಎರಡೂ ಬೇಡವಾದರೆ ಬೇರೆ ಟೂಲ್‌ಕಿಟ್ ಹಿಡಿದು ಮೊದಲಿನಿಂದ ಶುರುಮಾಡಬೇಕು.

"ಕೊನೇ ಮೂರು ಲೈನು ಮುಖ್ಯ ರಘು. ಅವು ನೋಡೇ ಸಾರ್ ಡಿಸೈಡ್ ಮಾಡ್ಲಿ," ಅಂದಿರಿ.

ಮಾಲೀಕರು ಕೋಡ್ ಕೊಡುವವರಲ್ಲ, ಲೈಸೆನ್ಸ್ ಕೊಳ್ಳುವವರೂ ಅಲ್ಲ. ಆ ಸಾಲು ಓದಿದರೆ ಬೇರೆ ಟೂಲ್‌ಕಿಟ್ ಎನ್ನುತ್ತಾರೆ, ನನ್ನ ಎರಡು ತಿಂಗಳು ಮಣ್ಣುಪಾಲು — ಅಷ್ಟೇ ಕಾರಣ, ಅದಕ್ಕಿಂತ ದೊಡ್ಡದು ಏನೂ ಇರಲಿಲ್ಲ. ಮೊದಲ ಭಾಗ ಮಾತ್ರ ಟೈಪ್ ಮಾಡಿದೆ. ನೀವು ವಿಜಯವಾಡದ ರೈಲಿಗೆ ಹೊರಟು ನಿಂತಿದ್ದಿರಿ. ನಾನು ಟೈಪ್ ಮಾಡಿದ್ದಲ್ಲವೇ ಎಂದು ಓದದೆ ಸಹಿ ಹಾಕಿದಿರಿ.

ಆಟೋನಗರದಲ್ಲಿ ಪ್ರೋಗ್ರಾಂ ತೋರಿಸಿದ ದಿನ ವ್ಯಾಪಾರಿಯ ಸೊಸೆಯೂ ಕುಳಿತಿದ್ದರು, ಇಂಜಿನಿಯರ್. ಯಾವ ಟೂಲ್‌ಕಿಟ್ ಎಂದು ಕೇಳಿ, ಮೂಲ ಕೋಡ್ ಕೊಡುತ್ತೀರಾ, ಇಲ್ಲ ಲೈಸೆನ್ಸ್ ಕೊಂಡಿದ್ದೀರಾ ಎಂದರು. ಎರಡೂ ಇಲ್ಲ ಎಂದರು ನಮ್ಮ ಮಾಲೀಕರು. "ಹಾಗಾದರೆ ಇದು ಕದ್ದ ಮಾಲು. ನಮಗೆ ಬೇಡ," ಎಂದು ಆಕೆ ಎದ್ದುಬಿಟ್ಟರು.

ಮರುದಿನ ಆಫೀಸಿನಲ್ಲಿ, ಉಳಿದ ನಾಲ್ವರ ಎದುರಿಗೇ, ಮಾಲೀಕರು ಆ ಟೈಪ್ ಮಾಡಿದ ಹಾಳೆಯನ್ನು ನಿಮ್ಮ ಮುಂದೆ ಎಸೆದರು. "ಮೇಡಂಗಾರು, ಷರತ್ತಿನ ಮಾತು ಇದರಲ್ಲಿ ಎಲ್ಲಿದೆ? ಸಹಿ ನಿಮ್ಮದೇ ತಾನೆ?"

ನೀವು ಓದಿ ನನ್ನ ಕಡೆ ತಿರುಗಿದಿರಿ. "ನಾನು ಬರ್ದು ಕೊಟ್ಟಿದ್ನಲ್ಲ ರಘು, ಹೇಳು."

"ನೀವು ಕೊಟ್ಟಿದ್ದನ್ನೇ ಟೈಪ್ ಮಾಡೀನಿ ಅಕ್ಕ."

ಅಕ್ಕ ಎಂದೆ, ಅದೇ ಬಾಯಲ್ಲಿ. ನಾಳೆಯಿಂದ ಬರಬೇಡಿ ಎಂದರು ಮಾಲೀಕರು. ನೀವು ಡ್ರಾಯರಿನಿಂದ ನಿಮ್ಮ ಪುಸ್ತಕಗಳನ್ನು ತೆಗೆದುಕೊಂಡು ಹೊರಟಿರಿ. ತಿಂಗಳೊಳಗೆ ನಿಮ್ಮ ಕುರ್ಚಿ ನನ್ನದಾಯಿತು — ಕುಳಿತೆ. ಒಂಬತ್ತು ವರ್ಷ ದುಡಿದವರನ್ನು ಇನ್ನೊಂದು ಮಾತು ಕೇಳದೆ ಕಳಿಸಿದ ಮಾಲೀಕರ ಮೇಲೆ ಎಷ್ಟೋ ದಿನ ಹಲ್ಲು ಕಡಿದೆ. ಅದೂ ಒಂದು ಹೇಡಿತನ. ನನ್ನನ್ನು ಬೈದುಕೊಳ್ಳುವುದಕ್ಕಿಂತ ಅವರನ್ನು ಬೈಯುವುದು ಸುಲಭವಾಗಿತ್ತು.

ನೀವು ವಿಜಯವಾಡದ ಗವರ್ನರ್‌ಪೇಟೆಯ ಕಂಪ್ಯೂಟರ್ ಕ್ಲಾಸಿನಲ್ಲಿ ಪಾಠ ಹೇಳುತ್ತೀರೆಂದು ತಿಳಿದು ಒಮ್ಮೆ ಬಂದಿದ್ದೆ. ಅರ್ಧ ಮೆಟ್ಟಿಲು ಹತ್ತಿದಾಗ ನಿಮ್ಮ ದನಿ ಕೇಳಿಸಿತು. ಇಳಿದು ಹೋದೆ.

ಕಳೆದ ತಿಂಗಳು ಮಾಲೀಕರ ಎದುರು ಕುಳಿತು ಎಲ್ಲ ಹೇಳಿದೆ. ವಯಸ್ಸಾಗಿದೆ ಅವರಿಗೆ. ನಕ್ಕರು. "ಪೋನೀ, ಒದಿಲೇಯ್" — ಹೋಗಲಿ, ಬಿಟ್ಟುಬಿಡು ಎಂದರು. ಬಿಡಲು ಅವರು ಯಾರು? ನಾನಾದರೂ ಯಾರು? ಮೇಜಿನ ಮೇಲಿಟ್ಟ ಕಾಫಿ ಮುಟ್ಟದೆ ಎದ್ದು ಬಂದೆ.

ಅಂದು ಆ ಕೋಣೆಯಲ್ಲಿದ್ದ ಉಳಿದ ನಾಲ್ವರಿಗೂ ಸಹಿ ಹಾಕಿ ಇದೇ ಪತ್ರ ಕಳಿಸಿದ್ದೇನೆ. ಮುಂದಿನ ಭಾನುವಾರ ವಿಜಯವಾಡಕ್ಕೆ ಬರುತ್ತೇನೆ. ಬಾಗಿಲು ತೆರೆಯುವುದು, ತೆರೆಯದಿರುವುದು ನಿಮಗೆ ಸೇರಿದ್ದು.