ಬುಧನ ಮೇಲಿನ ಇಪ್ಪತ್ತನೆಯ ಗೆರೆ

ಎಪ್ಪತ್ತರ ದಶಕದ ಕೊನೆಗೆ ನಾನು ಖಾನಾಪುರದ ಹೆಣ್ಣುಮಕ್ಕಳ ಶಾಲೆಯಲ್ಲಿ ಭೂಗೋಳ ಕಲಿಸುತ್ತಿದ್ದೆ. ನೌಕರಿ ಹೊಸದು, ಜಂಭ ಅದಕ್ಕಿಂತ ಹೊಸದು. ಶೂನ್ಯ ರೇಖಾಂಶ ಇಂಗ್ಲೆಂಡಿನ ಮೇಲೆ ಹಾದುಹೋಗುತ್ತದೆ ಎಂದು ಗೋಲ ತಿರುಗಿಸಿ ತೋರಿಸುತ್ತಿದ್ದಾಗ ಹುಡುಗಿಯೊಬ್ಬಳು ಎದ್ದು ನಿಂತು, "ಅಕ್ಕಾರ, ಬ್ಯಾರೆ ಗ್ರಹದಾಗ ಇಂಗ್ಲೆಂಡ್ ಇಲ್ಲಲ್ರೀ, ಅಲ್ಲಿ ಎಲ್ಲಿಂದ ಎಣಸ್ತಾರ್ರೀ?" ಎಂದು ಕೇಳಿದಳು. ನನಗೆ ಗೊತ್ತಿರಲಿಲ್ಲ. ಹಾಗೆಂದು ಒಪ್ಪಿಕೊಳ್ಳುವುದು ಬಿಟ್ಟು, "ಅದು ಪರೀಕ್ಷಾಕ್ಕ ಬರೂದಿಲ್ಲ, ಕುಂದರು" ಎಂದು ಗದರಿಸಿದೆ. ಸಂಜೆ ಚಿಗವ್ವನ ಮುಂದೆ ಇದನ್ನು ಹೇಳಿದರೆ ಅವಳು, "ಪಾಪ, ಚೊಲೋನ ಕೇಳ್ಯಾಳಲ್ಲ" ಎಂದು ನನ್ನ ಮುಖ ನೋಡಿಯೇ ನಕ್ಕಳು.

ಚಿಗವ್ವ ನನ್ನ ತಾಯಿಯ ತಂಗಿ. ಗಂಡ ತೀರಿಕೊಂಡ ಮೇಲೆ ನನ್ನ ಜೊತೆ ಬಾಡಿಗೆ ಮನೆಯಲ್ಲಿದ್ದಳು. ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ನಾನು ಚಿಕ್ಕವಳಿದ್ದಾಗ ನನ್ನ ಪಾಟಿ ನೋಡಿ ನೋಡಿಯೇ ಅಕ್ಷರ ಕಲಿತಿದ್ದಳು. ಆ ವರ್ಷ ನಮ್ಮ ಓಣಿಯಲ್ಲಿ ಬಾಲವಾಡಿ ತೆರೆಯುವವರಿದ್ದರು. ಮಕ್ಕಳನ್ನು ನೋಡಿಕೊಳ್ಳಲು ಏಳನೆಯ ತರಗತಿಯ ಮುಲ್ಕಿ ಪರೀಕ್ಷೆ ಪಾಸಾದ ಹೆಂಗಸು ಬೇಕಾಗಿತ್ತು. ಚಿಗವ್ವ ಹೊರಗಿನಿಂದ ಪರೀಕ್ಷೆಗೆ ಕೂಡುತ್ತೇನೆ ಎಂದಳು. ಜೀವಮಾನದಲ್ಲಿ ಅವಳು ಏನನ್ನಾದರೂ ತನಗಾಗಿ ಕೇಳಿದ್ದು ಅದೇ ಮೊದಲು.

ಫಾರ್ಮು ತುಂಬುವ ಕೆಲಸ ನನ್ನದು. ಹುಟ್ಟಿದ ತಾರೀಖಿನ ಹತ್ತಿರ ಬಂದಾಗ, "ಎಂದ ಹುಟ್ಟೀನೋ ಯಾರಿಗ್ಗೊತ್ತು" ಎಂದಳು. ನಾನು ಯೋಚಿಸದೆ ಜೂನ್ ಒಂದು ಎಂದು ಬರೆದೆ. ನಮ್ಮ ಕಡೆ ತಾರೀಖು ಗೊತ್ತಿಲ್ಲದ ಮಗುವಿಗೆಲ್ಲ ಶಾಲೆಯಲ್ಲಿ ಜೂನ್ ಒಂದೇ ಗತಿ. ನನ್ನ ತರಗತಿಯ ಅರ್ಧ ಹುಡುಗಿಯರು ಆವತ್ತೇ ಹುಟ್ಟಿದವರು. ನನ್ನದೂ ಅದೇ ತಾರೀಖು.

ತಾಲೂಕಿನ ಶಿಕ್ಷಣ ಕಚೇರಿಯ ಗುಮಾಸ್ತರು ಫಾರ್ಮನ್ನು ನನ್ನ ಕಡೆಗೇ ತಳ್ಳಿದರು. "ಅಕ್ಕಾರ, ಇಡೀ ತಾಲೂಕು ಜೂನ್ ಒಂದಕ್ಕನ ಹುಟ್ಟೇತೇನ್ರೀ? ಸಣ್ಣ ಹುಡುಗರದು ನಡೀತೈತಿ. ಇವರದಕ್ಕ ಏನರ ಪುರಾವೆ ತರ್ರಿ. ಬರೂ ಶನಿವಾರ ಕಡೀ ದಿನ."

ಚಿಗವ್ವ ಮನೆಗೆ ಬಂದು ಫಾರ್ಮನ್ನು ನಾಲ್ಕು ಮಡಿಕೆ ಮಾಡಿ ಅಕ್ಕಿ ಡಬ್ಬಿಯ ಕೆಳಗೆ ಇಟ್ಟಳು. "ಇರ್ಲಿ ಬಿಡವ್ವಾ. ನಾ ಹುಟ್ಟಿದ್ದ ಯಾರಿಗೂ ನೆಪ್ಪಿಲ್ಲ, ಇನ್ನ ಪಾಸಾಗಿ ಏನ್ ಮಾಡ್ಲಿ" ಎಂದಳು. ನನಗೆ ಗುಮಾಸ್ತರ ಮೇಲೆ ಸಿಟ್ಟು ಬಂದಿತ್ತು, ನನ್ನ ಮೇಲೆ ಅದಕ್ಕಿಂತ ಹೆಚ್ಚು.

ಭಾನುವಾರ ಮನೆಯಲ್ಲಿ ಕೂತಿರಲಾರದೆ ಬೆಳಗಾವಿಯ ವಾಚನಾಲಯಕ್ಕೆ ಹೋದೆ. ಆ ಹುಡುಗಿಯ ಪ್ರಶ್ನೆಗಾದರೂ ಉತ್ತರ ಸಿಗಲಿ ಎಂದು ಹಳೆಯ ವಿಜ್ಞಾನ ಪತ್ರಿಕೆಗಳನ್ನು ತಿರುವಿ ಹಾಕಿದೆ. ಸಿಕ್ಕಿತು. ಮಂಗಳನ ಮೇಲೆ ಒಂದು ಸಣ್ಣ ಕುಳಿಯನ್ನು ಆರಿಸಿ, ಶೂನ್ಯದ ಗೆರೆ ಇದರ ನಡುವೆ ಹಾಯಲಿ ಎಂದು ಗೊತ್ತುಮಾಡಿದ್ದರು. ಗುರುವಿಗೆ ಗೆರೆ ಎಳೆಯಲು ನೆಲವೇ ಇಲ್ಲ. ಅದರ ನಡುಪಟ್ಟಿಯ ಮೋಡಗಳದು ಒಂದು ವೇಗ, ಆಚೀಚೆಯವುಗಳದು ಇನ್ನೊಂದು. ಹಾಗಾಗಿ ಅಲ್ಲಿಂದ ಬರುವ ರೇಡಿಯೋ ಅಲೆಗಳು ಎಷ್ಟು ಹೊತ್ತಿಗೊಮ್ಮೆ ಮರಳುತ್ತವೆ ಎಂದು ನೋಡಿ ಅದರ ದಿನವನ್ನು ಅಳೆದಿದ್ದರು. ಬುಧ ಸೂರ್ಯನಿಗೆ ಸದಾ ಒಂದೇ ಮುಖ ತೋರಿಸುತ್ತಾನೆ ಎಂದು ನಾನು ಪಾಠ ಹೇಳುತ್ತಿದ್ದೆನಲ್ಲ, ಅದೂ ತಪ್ಪು. ಸೂರ್ಯನಿಗೆ ಎರಡು ಸುತ್ತು ಬರುವಷ್ಟರಲ್ಲಿ ಅವನು ಮೂರು ಸಲ ತನ್ನ ಸುತ್ತ ತಾನು ತಿರುಗುತ್ತಾನೆ. ಅವನ ಹತ್ತಿರಕ್ಕೆ ನೌಕೆ ಹೋದಾಗ ಶೂನ್ಯದ ಗೆರೆ ಬೀಳಬೇಕಾದ ಜಾಗ ಕತ್ತಲೆಯಲ್ಲಿತ್ತಂತೆ. ವಿಜ್ಞಾನಿಗಳು ಕೈಚೆಲ್ಲಿ ಕೂರಲಿಲ್ಲ. ಬಿಸಿಲಿದ್ದ ಕಡೆ ಕಂಡ ಒಂದು ಪುಟ್ಟ ಕುಳಿಯನ್ನು ಹಿಡಿದು, ಇದು ಇಪ್ಪತ್ತನೆಯ ಡಿಗ್ರಿ ಎಂದರು. ಶೂನ್ಯ ಬೇಕಾದವರು ಅಲ್ಲಿಂದ ಇಪ್ಪತ್ತು ಹಿಂದಕ್ಕೆ ಎಣಿಸಬೇಕು.

ಇಷ್ಟು ಓದಿ ಪತ್ರಿಕೆ ಮುಚ್ಚಿ ಎದ್ದೆ. ಚಿಗವ್ವ ಹುಟ್ಟಿದ ದಿನ ಕತ್ತಲೆಯಲ್ಲಿದ್ದರೆ ಇರಲಿ, ಅದರ ಹತ್ತಿರದ ಯಾವ ದಿನಕ್ಕೆ ಬೆಳಕಿದೆ ಎಂದು ಕೇಳಬೇಕಾದದ್ದು ನಾನು. ಇಷ್ಟು ದಿನ ಅದನ್ನು ಕೇಳಿರಲೇ ಇಲ್ಲ.

ಮರುದಿನ ರಜೆ ಹಾಕಿ, ಬೇಡಬೇಡವೆಂದರೂ ಚಿಗವ್ವನನ್ನು ಜಾಂಬೋಟಿಯ ಬಸ್ಸಿಗೆ ಹತ್ತಿಸಿದೆ. ಅಲ್ಲಿ ನನ್ನ ಅಜ್ಜಿ, ಅಂದರೆ ಚಿಗವ್ವನ ಅವ್ವ, ಇದ್ದಳು. ಹುಟ್ಟಿದ ತಾರೀಖು ಕೇಳಿದರೆ ಕೈ ಆಡಿಸಿದಳು. ಆ ಹೊತ್ತಿನಲ್ಲಿ ಮನೆಯಲ್ಲಿ ಬೇರೆ ಏನು ನಡೆದಿತ್ತು ಎಂದು ಕೇಳಿದ್ದೇ ತಡ, ಮೊರ ಬದಿಗಿಟ್ಟು ಹೇಳಿದಳು: "ಇಕಿನ್ನ ತೊಟ್ಟಿಲಕ್ಕ ಹಾಕಿದ ಮರುದಿನ ನಿಮ್ಮವ್ವನ್ನ ಸಾಲಿಗೆ ಹಾಕಿದ್ವಿ. ಉಳಿದಿದ್ದ ಗುಗ್ಗರಿ ಅರಬ್ಯಾಗ ಕಟ್ಟಿ ಮಾಸ್ತರಗ ಕೊಟ್ಟ ಕಳಸಿದ್ನೆಲ್ಲ!"

ನಮ್ಮ ಮನೆತನದಲ್ಲಿ ಮಗುವನ್ನು ತೊಟ್ಟಿಲಿಗೆ ಹಾಕಿ ಬೇಯಿಸಿದ ಕಾಳಿನ ಗುಗ್ಗರಿ ಹಂಚುವುದು ಹದಿಮೂರನೆಯ ದಿನವೇ. ಊರಿನ ಶಾಲೆಗೆ ಓಡಿದೆವು. ಹೆಡ್‌ಮಾಸ್ತರರು ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಹಳೆಯ ರಿಜಿಸ್ಟರು ಬಿಚ್ಚಿ, ಮರಾಠಿಯ ಸಾಲುಗಳ ಮೇಲೆ ಬೆರಳಾಡಿಸುತ್ತ ಅವ್ವನ ಹೆಸರಿನ ಹತ್ತಿರ ನಿಂತರು. ವರ್ಷವೂ ಇತ್ತು, ತಾರೀಖೂ ಇತ್ತು: ಜೂನ್ ಹತ್ತು. ಹಾಗಾದರೆ ತೊಟ್ಟಿಲು ಒಂಬತ್ತಕ್ಕೆ. ನಾನು ಥಟ್ಟನೆ ಹದಿಮೂರು ಕಳೆದು, "ಮೇ ಇಪ್ಪತ್ತೇಳು" ಎಂದೆ.

ಚಿಗವ್ವ ಬೆರಳು ಮಡಚುತ್ತಿದ್ದಳು. "ಹುಟ್ಟಿದ ದಿನಾ ಬಿಟ್ಟಿ ನೋಡು. ಅದನ್ನೂ ಹಿಡದು ಎಣಸ್ಬೇಕು. ಇಪ್ಪತ್ತೆಂಟು."

ಅವಳೇ ಸರಿ. ಭೂಗೋಳದ ಅಕ್ಕಾರ ತಮ್ಮ ಲೆಕ್ಕ ತಿದ್ದಿಕೊಂಡರು.

ರಿಜಿಸ್ಟರಿನ ನಕಲು, ಅಜ್ಜಿಯ ಹೆಬ್ಬೆಟ್ಟಿನ ಹೇಳಿಕೆ, ಕೆಳಗೆ ಹೆಡ್‌ಮಾಸ್ತರರ ಸಹಿ, ಇಷ್ಟನ್ನು ಹಿಡಿದುಕೊಂಡು ಶನಿವಾರ ಗುಮಾಸ್ತರ ಮುಂದೆ ನಿಂತೆವು. ಅವರು ಓದಿದರು, ತಾವೂ ಬೆರಳು ಮಡಚಿ ಎಣಿಸಿದರು. ಆಮೇಲೆ ಚಿಗವ್ವನಿಗೆ, "ಇಷ್ಟ ವರ್ಷ ಈ ಖುರ್ಚಿ ಮ್ಯಾಲ ಕುಂತೀನಿ, ಹುಟ್ಟಿದ ದಿನಾನ ಹುಟ್ಟಿದಾವ್ರು ನೀವೊಬ್ರ ನೋಡ್ರೀ" ಎನ್ನುತ್ತ ಠಸ್ಸೆ ಒತ್ತಿದರು. ಚಿಗವ್ವ ನಗುತ್ತಲೇ ಕಣ್ಣೊರೆಸಿಕೊಂಡಳು. ಸೋಮವಾರ ನಾನು ಆ ಹುಡುಗಿಯನ್ನು ಕರೆದು, ಗದರಿಸಿದ್ದು ತಪ್ಪಾಯಿತೆಂದು ಹೇಳಿ, ಇಡೀ ತರಗತಿಗೆ ಬುಧನ ಕಥೆ ಹೇಳಿದೆ.

ಚಿಗವ್ವ ಪಾಸಾದಳು. ಎಂಬತ್ತರ ದಶಕದ ತುಂಬ ಅವಳು ಬಾಲವಾಡಿಯ ಅಕ್ಕಾರ ಆಗಿದ್ದಳು. ಮಗುವನ್ನು ಕರೆತಂದ ತಾಯಂದಿರು, "ಜೂನ್ ಒಂದ ಬರ್ಕೊಳ್ರಿ" ಎಂದರೆ ಪೆನ್ನು ಕೆಳಗಿಡುತ್ತಿದ್ದಳು. "ಹಂಗ ಬರಿಯಂಗಿಲ್ಲ. ಕುಂದರ್ರಿ. ತೊಟ್ಟಿಲಕ್ಕ ಹಾಕಿದಾಗ ಮನ್ಯಾಗ ಏನ್ ನಡದಿತ್ತು ಹೇಳ್ರಿ, ಎಣಸೂಣು." ಒಂದೊಂದು ಮಗುವಿಗೆ ಅರ್ಧ ತಾಸು ಹಿಡಿಯುತ್ತಿತ್ತು.

ಅವಳು ನಿವೃತ್ತಳಾಗುವ ಹೊತ್ತಿಗೆ ಒಮ್ಮೆ ಬಾಲವಾಡಿಯ ರಿಜಿಸ್ಟರನ್ನು ತಿರುವಿ ನೋಡಿದೆ. ಪುಟಗಟ್ಟಲೆ ಬೇರೆ ಬೇರೆ ತಾರೀಖುಗಳು. ಜೂನ್ ಒಂದು ಒಂದೇ ಒಂದು ಕಡೆ ಇತ್ತು. ಅದರ ಬಾಜೂಕ್ಕೆ ಚಿಗವ್ವ ಸಣ್ಣ ಅಕ್ಷರದಲ್ಲಿ, 'ಇದು ಖರೇ' ಎಂದು ಬರೆದಿದ್ದಳು.